ಅಂಚಿಲ್ಲದ ಸಂತಾನ

ನಮ್ಮ ಮನೆಯಲ್ಲಿ ನನಗೆ ವಹಿಸಬಾರದ ಕೆಲಸಗಳ ಪಟ್ಟಿಯೊಂದಿದೆ. ಒಲೆಯ ಮೇಲಿಟ್ಟ ಹಾಲು ನೋಡಿಕೊಳ್ಳುವುದು, ಕುಕ್ಕರಿನ ಸೀಟಿ ಎಣಿಸುವುದು, ಮೋಡ ಕವಿದಾಗ ತಾರಸಿಯ ಮೇಲಿನ ಬಟ್ಟೆ ನೆನಪಿಟ್ಟುಕೊಳ್ಳುವುದು. ಗಿಡಕ್ಕೆ ನೀರು ಹಾಕುವುದು ಈ ಪಟ್ಟಿಗೆ ತಡವಾಗಿ ಸೇರಿತು. ಸೇರಿದ ದಿನದಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಹೆಂಡತಿ ತವರಿಗೆ ಹೋಗಿದ್ದ ಒಂದು ಬೇಸಗೆಯಲ್ಲಿ ಬಾಲ್ಕನಿಯ ಗುಲಾಬಿ, ಕರಿಬೇವು, ದೊಡ್ಡಪತ್ರೆ ಮೂರೂ ಒಂದೇ ವಾರದಲ್ಲಿ ತೀರಿಕೊಂಡವು. "ದೊಡ್ಡಪತ್ರೆ ಸಾಯಿಸೋಕೂ ಒಂದು ಯೋಗ್ಯತೆ ಬೇಕು ರೀ" ಎಂದು ಅವಳು ಅಂದದ್ದನ್ನು ನಾನು ಬಹಳ ಕಾಲ ಹೊಗಳಿಕೆಯೆಂದೇ ತಿಳಿದಿದ್ದೆ.

ವೃತ್ತಿಯಲ್ಲಿ ನಾನು ಲೆಕ್ಕ ತಪಾಸಣೆಯವನು. ಯಾರು ಯಾವ ಕೆಲಸ ಮಾಡಲಿಲ್ಲ ಎಂದು ಪತ್ತೆಹಚ್ಚಿ, ಅದಕ್ಕೊಂದು ಕ್ರಮಸಂಖ್ಯೆ ಕೊಟ್ಟು, ವಿವರಣೆ ಕೇಳುವುದು ನನ್ನ ಅನ್ನದ ದಾರಿ. ಮನೆಯಲ್ಲಿ ಅದೇ ಹುದ್ದೆಯನ್ನು ಅವಳು ಸಂಬಳವಿಲ್ಲದೆ, ರಜೆಯಿಲ್ಲದೆ ನಿರ್ವಹಿಸುತ್ತಾಳೆ.

ಇಂಥವನ ಪಾಲಿಗೆ ಸ್ನೇಕ್ ಪ್ಲಾಂಟ್ ಬಂದದ್ದು ನರ್ಸರಿಯವನೊಬ್ಬನ ದಯೆಯಿಂದ. ಅವಳು ದಾಸವಾಳದ ಬಣ್ಣ ಆರಿಸುತ್ತಿದ್ದಳು, ನಾನು ಚೀಲ ಹಿಡಿದು ನಿಂತಿದ್ದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಒಳಗಿನಿಂದ ಒಂದು ಪ್ಲಾಸ್ಟಿಕ್ ಕುಂಡ ತಂದು ಮುಂದಿಟ್ಟ. ನೆಟ್ಟಗೆ ನಿಂತ ದಪ್ಪ ಎಲೆಗಳು, ಹಸಿರಿನ ಮೇಲೆ ಬೂದು ಬಣ್ಣದ ಅಡ್ಡಪಟ್ಟೆ, ಎರಡೂ ಬದಿಗೆ ಹಳದಿ ಅಂಚು. "ಸಾರ್, ಇದಕ್ಕೆ ನೀವು ಏನೂ ಮಾಡ್ಬಾರ್ದು. ಏನಾದ್ರೂ ಮಾಡಿದ್ರೆ ಸತ್ತೋಗುತ್ತೆ" ಎಂದ. ಐವತ್ತು ದಾಟಿದ ಮನುಷ್ಯನಿಗೆ ತನ್ನ ಹುಟ್ಟುಗುಣವೇ ಅರ್ಹತೆಯಾಗುವಂಥ ಹುದ್ದೆ ಸಿಗುವುದು ಅಪರೂಪ. 350 ರೂಪಾಯಿಯನ್ನು ಚೌಕಾಸಿ ಮಾಡದೆ ಕೊಟ್ಟೆ. ಚೌಕಾಸಿ ಮಾಡಲಿಲ್ಲವೆಂಬ ಆಕ್ಷೇಪಣೆ ಮನೆಯ ದಾಖಲೆಯಲ್ಲಿ ಇನ್ನೂ ತೀರುವಳಿಯಾಗಿಲ್ಲ.

ಗಿಡದ ಮಹಿಮೆ ಬೆಳಕಿಗೆ ಬಂದದ್ದು 2024ರ ಬೇಸಗೆಯಲ್ಲಿ. ಬೆಂಗಳೂರಿನಲ್ಲಿದ್ದವರು ಆ ಬೇಸಗೆಯನ್ನು ಮರೆಯುವ ಹಾಗಿಲ್ಲ. ಕೊಳವೆಬಾವಿಗಳು ಕೈಕೊಟ್ಟಿದ್ದವು. ಟ್ಯಾಂಕರಿನ ಹಾರನ್ ಕೇಳಿದರೆ ಮೂರನೇ ಮಹಡಿಯ ಮೊಣಕಾಲು ನೋವಿನ ಹಿರಿಯರೂ ಲಿಫ್ಟಿಗೆ ಕಾಯದೆ ಇಳಿಯುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತು: ಕುಡಿಯುವ ನೀರಿನಿಂದ ಕಾರು ತೊಳೆಯಬಾರದು, ಕಟ್ಟಡ ಕಟ್ಟಬಾರದು, ಕೈತೋಟಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಲ್ಲಿಗೆ ಹೊತ್ತು ಗೊತ್ತು ನಿಗದಿಯಾಯಿತು. ಮನೆಯೊಳಗೆ ಹೆಂಡತಿ ತನ್ನದೇ ಮುಂಗಡಪತ್ರ ಮಂಡಿಸಿದಳು. ಅಕ್ಕಿ ತೊಳೆದ ನೀರು ದಾಸವಾಳಕ್ಕೆ, ಬೇಳೆ ತೊಳೆದದ್ದು ಮಲ್ಲಿಗೆಗೆ, ಸೊಪ್ಪು ತೊಳೆದದ್ದು ತುಳಸಿಗೆ, ಅರ್ಧ ಬಕೆಟ್ ನನಗೆ. ಸ್ನೇಕ್ ಪ್ಲಾಂಟಿಗೆ ಹಂಚಿಕೆ ಸೊನ್ನೆ.

ಯುಗಾದಿ ಕಳೆಯುವಷ್ಟರಲ್ಲಿ ದಾಸವಾಳ ಮೊಗ್ಗು ಉದುರಿಸಿತು, ಮಲ್ಲಿಗೆ ಎಲೆ ಉದುರಿಸಿತು, ನಾನು ಮಾತು ಮಾತಿಗೂ ಗೊಣಗುತ್ತಿದ್ದೆ. ಮನೆಯಲ್ಲಿ ಮುಖ ಸಪ್ಪೆ ಮಾಡದೆ ಇದ್ದದ್ದು ಸ್ನೇಕ್ ಪ್ಲಾಂಟ್ ಒಂದೇ. ಸಾಲದ್ದಕ್ಕೆ ಬುಡದಲ್ಲಿ ಒಂದು ಮರಿ ಬೇರೆ ಎಬ್ಬಿಸಿತ್ತು. ಎದುರು ಮನೆಯವರು ಬಾಗಿಲಲ್ಲಿ ನಿಂತು, "ಇದನ್ನ ಯಾರು ನೋಡ್ಕೊಳ್ತಿರೋದು? ಎಷ್ಟು ಚೆನ್ನಾಗಿದೆ!" ಎಂದಾಗ ನಾನು ಪೇಪರಿನಿಂದ ತಲೆ ಎತ್ತಿ, "ನಾನೇ" ಎಂದೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು; ಏನೂ ಹೇಳಲಿಲ್ಲ. ಹೇಳಲು ಸಾಕ್ಷ್ಯವಿರಲಿಲ್ಲ. ಅದಕ್ಕೆ ಯಾರೂ ಏನೂ ಮಾಡಿರಲಿಲ್ಲ, ಮನೆಯಲ್ಲಿ ಏನೂ ಮಾಡದಿರುವ ಖಾತೆ ನನ್ನ ಹೆಸರಿನಲ್ಲಿದೆ.

ಅಲ್ಲಿಂದ ನಾನು ಕಟ್ಟಡದ ಗಿಡತಜ್ಞ. ತಜ್ಞನಾದ ಮೇಲೆ ನಾಲ್ಕು ಅಕ್ಷರ ಓದಬೇಕಾಗುತ್ತದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಅದೇ ಬಾಗಿಲಿನಿಂದ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಸ್ನೇಕ್ ಪ್ಲಾಂಟ್ ಬಿಸಿಲಿರುವಷ್ಟು ಹೊತ್ತೂ ಬಾಗಿಲು ಹಾಕಿಕೊಂಡಿರುತ್ತದೆ. ಕತ್ತಲಾಗಿ ಗಾಳಿ ತಣ್ಣಗಾದ ಮೇಲೆ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬೆಳಕು ಬಂದಾಗ ಬಾಗಿಲು ಮುಚ್ಚಿಕೊಂಡೇ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ದಪ್ಪ ಎಲೆಯೊಳಗೆ ನೀರಿನ ದಾಸ್ತಾನು, ಮಣ್ಣಿನೊಳಗೆ ಬೇರುಗೆಡ್ಡೆಯಲ್ಲಿ ಇನ್ನೊಂದು ದಾಸ್ತಾನು. ಊಟದ ಹೊತ್ತಿನಲ್ಲಿ ಇದನ್ನೆಲ್ಲ ವಿವರಿಸಿದೆ. "ಅಂದ್ರೆ ನನ್ನ ಥರ ನೈಟ್ ಶಿಫ್ಟ್" ಎಂದಳು ಮಗಳು. ಅಮೆರಿಕದ ಕ್ಲೈಂಟಿಗಾಗಿ ರಾತ್ರಿಯಿಡೀ ದುಡಿದು, ಬೆಳಗಾದರೆ ಪರದೆ ಎಳೆದು ಮಲಗುವವಳು ಅವಳು. ಅವಳಿಗಾದರೂ ಅರ್ಥವಾಯಿತಲ್ಲ ಎಂದು ಸಮಾಧಾನವಾಯಿತು.

ಈ ಗುಟ್ಟಿನ ಹಳೆಯ ಸುಳಿವೊಂದು ಸಿಕ್ಕಿದ್ದು ನಾಲಗೆಯ ಮೂಲಕ, ಅದೂ ನಮ್ಮ ದೇಶದಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ಒಂದು ಕಾಲದಲ್ಲಿ ನಮ್ಮ ಲಾಲ್‌ಬಾಗಿನ ಹೊಣೆಯನ್ನೂ ಹೊತ್ತಿದ್ದವನು. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ ಎಂದು 1813ರಲ್ಲಿ ಪತ್ರವೊಂದರಲ್ಲಿ ಬರೆದ. ಕಾಡುಬಸಳೆಯೂ ರಾತ್ರಿ ಬಾಗಿಲು ತೆರೆಯುವ ಕುಲದ್ದೇ. ರಾತ್ರಿ ಸೇರಿದ ಆಮ್ಲ ಹಗಲಲ್ಲಿ ಖರ್ಚಾಗುವುದು ಹೈನೆಯ ಬಾಯಿಗೆ ಗೊತ್ತಾಗಿತ್ತು. ತಪಾಸಣೆಯವನಾದ ನಾನು ಮೂಲ ದಾಖಲೆ ನೋಡದೆ ಯಾವುದನ್ನೂ ಒಪ್ಪುವುದಿಲ್ಲ. ಮೂರನೇ ಮಹಡಿಯವರ ಬಾಗಿಲಲ್ಲಿ ಕಾಡುಬಸಳೆಯ ಕುಂಡವಿದೆ. ಬೆಳಕು ಹರಿಯುವ ಮುನ್ನ ಹೋಗಿ ಒಂದೆಲೆ ಕಿತ್ತು ಅಗಿಯುತ್ತಿದ್ದಾಗ ಹಾಲಿನ ಹುಡುಗ ನೋಡಿದ. ಮಧ್ಯಾಹ್ನದ ಎಲೆಯ ಹೊತ್ತಿಗೆ ಮನೆಯ ಯಜಮಾನಿಯೇ ಬಾಗಿಲು ತೆರೆದರು. ಸಂಜೆಯ ಎಲೆ ಬೇಕಾಗಲಿಲ್ಲ. ಅಷ್ಟರಲ್ಲಿ ಸುದ್ದಿ ನಮ್ಮ ಮನೆ ತಲುಪಿತ್ತು. "ಹಸಿವಾಗಿದ್ರೆ ಹೇಳಿ, ಉಪ್ಪಿಟ್ಟು ಮಾಡ್ಕೊಡ್ತೀನಿ" ಎಂದಳು ಹೆಂಡತಿ. ಬೆಳಗಿನ ಎಲೆ ಹುಳಿಯಾಗಿದ್ದದ್ದು ನಿಜ. ಸ್ನೇಕ್ ಪ್ಲಾಂಟಿನ ಎಲೆಯನ್ನು ಮಾತ್ರ ಯಾರೂ ಹೀಗೆ ಪರೀಕ್ಷಿಸಬಾರದು. ಅದರಲ್ಲಿ ಸಪೋನಿನ್ ಇದೆ, ತಿಂದರೆ ಮನುಷ್ಯರಿಗೂ ಬೆಕ್ಕು ನಾಯಿಗಳಿಗೂ ವಾಂತಿಯಾಗುತ್ತದೆ.

ಇಷ್ಟರಲ್ಲಿ ನಾದಿನಿಯ ಫೋನು ಬಂತು. ಈ ಗಿಡ ರಾತ್ರಿಯೆಲ್ಲ ಆಮ್ಲಜನಕ ಬಿಡುತ್ತದಂತೆ, ಮಲಗುವ ಕೋಣೆಯಲ್ಲಿಡಬೇಕಂತೆ, ಅಮೆರಿಕದ ನಾಸಾದವರೇ ಹೇಳಿದ್ದಾರಂತೆ. ನಾನು ಎದ್ದು ನಿಂತು ಆಕ್ಷೇಪಿಸಿದೆ. ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿ, ಎಲೆಯೊಳಗೆ ನೀರು ಒಡೆದಾಗ. ರಾತ್ರಿ ಇದು ಒಳಗೆ ತೆಗೆದುಕೊಳ್ಳುವ ಗಿರಾಕಿಯೇ ಹೊರತು ಕೊಡುವ ದಾನಿಯಲ್ಲ ಎಂದೆ. "ರಾತ್ರಿ ಗೊರಕೆ ಹೊಡೆಯೋರಿಗೆ ಗಾಳಿ ವಿಷಯ ಮಾತಾಡೋ ಹಕ್ಕಿಲ್ಲ" ಎಂಬ ತೀರ್ಪಿನೊಂದಿಗೆ ಕುಂಡ ನನ್ನ ತಲೆದಿಂಬಿನ ಪಕ್ಕಕ್ಕೆ ಬಂತು.

ಸುಮ್ಮನಿರಲಾಗಲಿಲ್ಲ, ಕಡತ ತೆಗೆದೆ. ನಾಸಾದ ಬಿ.ಸಿ. ವುಲ್ವರ್ಟನ್ ಅವರ ವರದಿ 1989ರದ್ದು. ಸ್ನೇಕ್ ಪ್ಲಾಂಟನ್ನೂ ಸೇರಿಸಿ ಹಲವು ಗಿಡಗಳನ್ನು ಒಂದೊಂದಾಗಿ ಗಾಳಿಯಾಡದ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು, ಒಳಗೆ ಬೆಂಜೀನ್ ಮುಂತಾದ ಅನಿಲ ಬಿಟ್ಟು, ಎಷ್ಟು ಕಡಿಮೆಯಾಯಿತೆಂದು ಅಳೆದಿದ್ದರು. ಕಡಿಮೆಯಾದದ್ದು ಹೌದು. ಆದರೆ ನಮ್ಮ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲಿನ ಸಂದಿನಿಂದ ಎದುರು ಮನೆಯ ಒಗ್ಗರಣೆಯೂ ಒಳಗೆ ಬರುತ್ತದೆ. 2019ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಮರುಲೆಕ್ಕ ಹಾಕಿ ಹೇಳಿದ್ದು: ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ನಾನು ಟೇಪು ಹಿಡಿದು ಹಾಲ್ ಅಳೆದೆ. 14 ಚದರ ಮೀಟರ್. ಕನಿಷ್ಠ 140 ಕುಂಡ, ಗರಿಷ್ಠ 14,000. ಕನಿಷ್ಠ ಸಂಖ್ಯೆಗೂ ಸೋಫಾ ಮತ್ತು ನನ್ನ ಮಂಚ ಎರಡನ್ನೂ ಹೊರಹಾಕಬೇಕು ಎಂದು ಲಿಖಿತ ಟಿಪ್ಪಣಿ ಸಲ್ಲಿಸಿದೆ. ಅವಳು ಓದಿ, "ಅದಕ್ಕಿಂತ ಕಿಟಕಿ ತೆಗೀಬಾರ್ದಾ?" ಎಂದಳು. ಡ್ರೆಕ್ಸೆಲ್‌ನವರ ಪ್ರಬಂಧದ ಸಾರವೂ ಅಷ್ಟೇ. ಅವರು ಅದಕ್ಕೆ ಹಲವಾರು ಪುಟ ತೆಗೆದುಕೊಂಡಿದ್ದರು.

ಆದರೂ 140 ಎಂಬ ಸಂಖ್ಯೆ ನನ್ನ ತಲೆಯಲ್ಲಿ ಕೂತಿತು. ಒಂದರಿಂದ 140 ಮಾಡುವುದು ಹೇಗೆ?

ಪುಸ್ತಕದಲ್ಲಿ ಬಹಳ ಸುಲಭವಿತ್ತು. ಬಲಿತ ಎಲೆಯನ್ನು ಬುಡದಲ್ಲಿ ಕತ್ತರಿಸಿ, ನಾಲ್ಕೈದು ಅಂಗುಲದ ತುಂಡು ಮಾಡಿ, ಕೊಯ್ದ ಜಾಗ ಒಣಗಿ ಗಟ್ಟಿಯಾಗಲು ಕೆಲವು ದಿನ ನೆರಳಲ್ಲಿ ಬಿಟ್ಟು, ಆಮೇಲೆ ಮರಳಿನಲ್ಲಿ ಊರುವುದು. ಹಸಿ ಗಾಯದೊಂದಿಗೆ ಊರಿದರೆ ಕೊಳೆಯುತ್ತದೆ. ನಾನು ತರಕಾರಿ ಚಾಕುವಿನಿಂದ ಎರಡು ಎಲೆ ಕತ್ತರಿಸಿ, ತುಂಡುಗಳನ್ನು ಊಟದ ಮೇಜಿನ ಮೇಲೆ ಹಳೆಯ ಪೇಪರಿನಲ್ಲಿ ಓರಣವಾಗಿ ಹರಡಿ ಆಫೀಸಿಗೆ ಹೋದೆ. ಕೆಲಸಕ್ಕೆ ಬರುವ ಅಕ್ಕ ಬಹಳ ಶಿಸ್ತಿನವರು. ಎಲೆತುಂಡುಗಳನ್ನು ಹಸಿ ಕಸದ ಬುಟ್ಟಿಗೂ ಪೇಪರನ್ನು ಒಣ ಕಸಕ್ಕೂ ಹಾಕಿ, ಮೇಜು ಒರೆಸಿ ಹೋಗಿದ್ದರು. ಸಂಜೆ ನೆಲಮಹಡಿಯ ಹಸಿರು ಡಬ್ಬಿಯೊಳಗೆ ಸೊಂಟದವರೆಗೆ ಬಾಗಿ ಹುಡುಕುತ್ತಿದ್ದಾಗ ವಾಚ್‌ಮನ್ ಟಾರ್ಚು ಹಿಡಿದು ನಿಂತಿದ್ದ. "ಏನು ಸಾರ್, ಚಿನ್ನಾನಾ?" ಎಂದ. ತುಂಡುಗಳೆಲ್ಲ ಸಿಕ್ಕವು. ಸಿಗದೇ ಹೋದದ್ದು ಒಂದೇ ಮಾಹಿತಿ: ಯಾವ ತುಂಡಿಗೆ ಯಾವ ಕಡೆ ಬುಡ, ಯಾವ ಕಡೆ ತುದಿ.

ಇದು ಸಣ್ಣ ವಿಷಯವಲ್ಲ. ಎಲೆ ಗಿಡದ ಮೇಲಿದ್ದಾಗ ಯಾವುದು ಕೆಳಗಿತ್ತೋ ಆ ಕಡೆಯಿಂದ ಮಾತ್ರ ಬೇರು ಬಿಡುತ್ತದೆ. ತಲೆಕೆಳಗಾಗಿ ಊರಿದರೆ ಬಿಡುವುದಿಲ್ಲ. ಬಲ್ಲವರು ಕತ್ತರಿಸುವಾಗಲೇ ಬುಡದ ಕಡೆಗೆ ಮೊನೆ ಬರುವಂತೆ ಓರೆಯಾಗಿ ಕೊಯ್ದು ಗುರುತಿಟ್ಟುಕೊಳ್ಳುತ್ತಾರೆ. ಆ ವಾಕ್ಯ ಪುಸ್ತಕದ ಮುಂದಿನ ಪುಟದಲ್ಲಿತ್ತು. ನಾನು ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ನೋಡಿ, ಮನಸ್ಸಾಕ್ಷಿಗೆ ತೋಚಿದ ಹಾಗೆ ಊರಿದೆ. ಮರಳಿಗೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯ ಹತ್ತಿರ ಒಂದು ಬಕೆಟ್ ಎಂ-ಸ್ಯಾಂಡ್ ಬೇಡಿ ತಂದು, ಧೂಳು ಹೋಗಲು ತೊಳೆದು, ಸ್ವಲ್ಪ ಕೆಮ್ಮಣ್ಣು ಬೆರೆಸಿದ್ದೆ. ತೊಳೆಯಲು ಬಳಸಿದ ನೀರಿನ ಬಗ್ಗೆ ಮೇಲಿನ ಹುದ್ದೆಯಿಂದ ಪ್ರತ್ಯೇಕ ವಿಚಾರಣೆ ನಡೆಯಿತು.

ಆಮೇಲೆ ಶುರುವಾಯಿತು ನನ್ನ ಕಷ್ಟ. ಏನೂ ಮಾಡದಿರುವುದು ನನಗೆ ಸಲೀಸು. ಆದರೆ ಫಲ ನಿರೀಕ್ಷಿಸುತ್ತ ಏನೂ ಮಾಡದಿರುವುದು ಬೇರೆಯೇ ವಿದ್ಯೆ. ಬೇರು ಬರಲು ವಾರಗಳು, ಮರಿ ತಲೆ ಎತ್ತಲು ತಿಂಗಳುಗಳು. ನಾನು ಹಲ್ಲುಜ್ಜುತ್ತ ಬಾಲ್ಕನಿಗೆ ಹೋಗಿ ಒಂದೊಂದೇ ತುಂಡನ್ನು ಕಿತ್ತು, ಬುಡ ನೋಡಿ, ಮತ್ತೆ ಊರುತ್ತಿದ್ದೆ. "ಅಪ್ಪ, ಆಡಿಟ್ ಮಾಡಬೇಡಿ, ಪಾಪ" ಎಂದಳು ಮಗಳು, ಶಿಫ್ಟ್ ಮುಗಿಸಿ ಮಲಗಲು ಹೋಗುತ್ತ. ಕೀಳದಂತೆ ನನ್ನನ್ನು ತಡೆದದ್ದು ಕೊನೆಗೆ ಮಾರ್ಚ್ ಅಂತ್ಯ. ಹಣಕಾಸು ವರ್ಷದ ಕೊನೆಯಲ್ಲಿ ನಮಗೆ ಉಸಿರಾಡಲು ಬಿಡುವಿರುವುದಿಲ್ಲ. ಏಪ್ರಿಲಿನಲ್ಲಿ ನೋಡಿದರೆ ಕೆಲವು ತುಂಡು ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಉಳಿದವು ಬೇರೂ ಬಿಡದೆ, ಕೊಳೆಯಲೂ ಒಪ್ಪದೆ, ತಮ್ಮೊಳಗಿನ ನೀರಿನ ಮೇಲೆ ಹಸಿರಾಗಿಯೇ ನಿಂತಿದ್ದವು. ಇವೇ ಎಲ್ಲಕ್ಕಿಂತ ಆರೋಗ್ಯವಾಗಿವೆ ಎಂದು ನಾನು ಬಂದವರಿಗೆಲ್ಲ ತೋರಿಸುತ್ತಿದ್ದೆ. ಅವು ತಲೆಕೆಳಗಾಗಿದ್ದವು.

ಮರಿಗಳು ಮೇಲೆ ಬಂದ ದಿನ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಅಂಚು ಎಲ್ಲಿ ಹೋಯ್ತು ರೀ?"

ನಾನೂ ನೋಡಿದೆ. ತಾಯಿಗಿಡಕ್ಕೆ ಎರಡು ಕಡೆ ಹೊಂಬಣ್ಣದ ಅಂಚು. ಮರಿಗಳೆಲ್ಲ ಪಟ್ಟೆಪಟ್ಟೆ ಹಸಿರು. ಅಂಚಿನ ಸುಳಿವೇ ಇಲ್ಲ. ಒಂದಕ್ಕೂ ಇಲ್ಲ.

ಮತ್ತೆ ಕಡತ. ಹಳದಿ ಅಂಚಿನ ಈ ಬಗೆಗೆ 'ಲಾರೆಂಟಿ' ಎನ್ನುತ್ತಾರೆ. ಅದು ನೋಡಲು ಒಂದು ಗಿಡ, ಒಳಗೆ ಎರಡು. ಹಸಿರು ಮಾಡಬಲ್ಲ ಜೀವಕೋಶಗಳ ಪದರ, ಹಸಿರು ಮಾಡಲಾಗದ ಜೀವಕೋಶಗಳ ಪದರ, ಇವೆರಡೂ ಒಂದರ ಮೇಲೊಂದು ಸೇರಿ ಬೆಳೆಯುತ್ತಿರುತ್ತವೆ. ಬುಡದ ಬೇರುಗೆಡ್ಡೆಯಿಂದ ಸಹಜವಾಗಿ ಮೊಳೆತ ಮರಿ ಎರಡೂ ಪದರವನ್ನು ಹೊತ್ತು ಬರುತ್ತದೆ, ಹಾಗಾಗಿ ಅಂಚಿರುತ್ತದೆ. ಎಲೆತುಂಡಿನಿಂದ ಹೊಸದಾಗಿ ಹುಟ್ಟುವ ಮೊಳಕೆ ಹಸಿರು ಕೋಶಗಳಿಂದಲೇ ಬರುತ್ತದೆ. ಹಳದಿ ಅಲ್ಲಿಗೆ ಮುಗಿಯಿತು. ಅಂಚು ಬೇಕಿದ್ದರೆ ಗೆಡ್ಡೆಯನ್ನು ಸೀಳಿ ನೆಡುವುದೊಂದೇ ದಾರಿ. ಇದನ್ನೆಲ್ಲ ನಾನು ಚಿತ್ರ ಬರೆದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಂದ್ರೆ 350 ರೂಪಾಯಿ ಗಿಡ ಕೊಯ್ದು 30 ರೂಪಾಯಿ ಗಿಡ ಮಾಡಿದ್ರಿ, ಅಲ್ವಾ?" ಎಂದಳು. ಇಷ್ಟು ಚಿಕ್ಕ, ಇಷ್ಟು ಪೂರ್ಣವಾದ ತಪಾಸಣಾ ವರದಿಯನ್ನು ನನ್ನ ಸೇವಾವಧಿಯಲ್ಲಿ ನಾನು ಬರೆದಿಲ್ಲ.

ಗೆಡ್ಡೆ ಸೀಳುವ ಕೆಲಸ ನನ್ನ ನಿರ್ಧಾರಕ್ಕೆ ಕಾಯಲಿಲ್ಲ. ಒಂದು ರಾತ್ರಿ ತಲೆದಿಂಬಿನ ಪಕ್ಕ 'ಪಟ್' ಎಂದು ಸದ್ದಾಯಿತು. ಹೆಂಡತಿ ಕಳ್ಳನೆಂದು ನನ್ನನ್ನು ಎಬ್ಬಿಸಿದಳು, ನಾನು ಬೆಕ್ಕೆಂದು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ಕುಂಡ ಮೇಲಿನಿಂದ ಕೆಳಗಿನವರೆಗೆ ಬಿರಿದು, ಹೆಬ್ಬೆರಳು ಗಾತ್ರದ ಕೇಸರಿ ಬಣ್ಣದ ಗೆಡ್ಡೆ ಹೊರಕ್ಕೆ ಇಣುಕುತ್ತಿತ್ತು. ಇದು ಈ ಗಿಡದ ಹಳೇ ಚಾಳಿ. ಬೇರುಗೆಡ್ಡೆ ಜಾಗ ಸಾಲದಿದ್ದರೆ ಕುಂಡ ಒಡೆದುಕೊಂಡೇ ಹೊರಬರುತ್ತದೆ. ಅದನ್ನು ಬಿಡಿಸಿ, ಪ್ರತಿ ಮರಿಗೂ ಒಂದಿಷ್ಟು ಗೆಡ್ಡೆ ಮತ್ತು ಬೇರು ಉಳಿಯುವಂತೆ ಕತ್ತರಿಸಿ, ಬೇರೆ ಬೇರೆ ಡಬ್ಬಗಳಿಗೆ ಹಾಕಿದೆ. ಕತ್ತರಿಸಿದ್ದು ಬ್ರೆಡ್ಡಿನ ಚಾಕುವಿನಿಂದ. ಆ ಚಾಕು ಈಗಲೂ ನನ್ನದೇ. ಅಡುಗೆಮನೆ ಅದನ್ನು ವಾಪಸು ಸ್ವೀಕರಿಸಲು ನಿರಾಕರಿಸಿತು. ಅಂಚಿನ ಮರಿಗಳು ಅಂಚಿನೊಂದಿಗೇ ಬೆಳೆದವು. ಅಂಚಿಲ್ಲದವೂ ಬೆಳೆದವು. ಎರಡನೆಯವೇ ಜಾಸ್ತಿ.

ಇಂಥ ಹೊತ್ತಿನಲ್ಲಿ ಶಿರಾದ ಕಡೆಯ ಹಳ್ಳಿಯಿಂದ ಅಮ್ಮ ಬಂದರು. ಬಾಲ್ಕನಿ, ಬಚ್ಚಲುಮನೆ ಕಿಟಕಿ, ಟೀವಿಯ ಪಕ್ಕ ಎಲ್ಲ ಕಡೆ ನೋಡಿ, ಬೆಲೆ ಕೇಳಿದರು. ಹೇಳಿದೆ. ಅವರು ಕುರ್ಚಿ ಹಿಡಿದುಕೊಂಡು ಕೂತರು.

"ಅಯ್ಯೋ ನಿನ್ನ! ಇದಕ್ಕಾ ದುಡ್ಡು ಕೊಟ್ಟೆ? ನಮ್ಮೂರ ಗುಡ್ಡದಾಗೆ ಬಂಡೆ ಸಂದೀಲಿ ಎಷ್ಟು ಬೇಕೋ ಅಷ್ಟೈತೆ ಕಣೋ. ಕತ್ತಾಳೆ ಜಾತಿ ಅದು. ದನವೂ ಮೂಸಲ್ಲ. ನಿಮ್ಮಜ್ಜ ಅದರ ನಾರು ತೆಗೆದು ಹಗ್ಗ ಹೊಸೀತಿದ್ರು."

ನಾನು ತಿದ್ದಲು ಹೊರಟೆ. ಇದು ಆಫ್ರಿಕದ್ದಮ್ಮ, ನೈಜೀರಿಯಾದಿಂದ ಕಾಂಗೋವರೆಗಿನ ನಾಡಿನದು. ಇದಕ್ಕೆ 1903ರಲ್ಲಿ ಶಾಸ್ತ್ರೀಯ ಹೆಸರಿಟ್ಟದ್ದು ಮಾತ್ರ ಕಲ್ಕತ್ತೆಯಲ್ಲಿ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಡೇವಿಡ್ ಪ್ರೇನ್. ನಿಮ್ಮ ಗುಡ್ಡದ್ದು ಬೇರೆ, ಅದು ಭಾರತದ್ದೇ, ಅದಕ್ಕೆ ವಿಲಿಯಂ ರಾಕ್ಸ್‌ಬರ್ಗ್ ಎಂಬಾತನ ಹೆಸರಿದೆ ಎಂದೆ. ಅಮ್ಮ, "ಅವನ್ಯಾರೋ ರಾಕ್ಸು? ನಮ್ಮೂರಿಗೆ ಯಾವತ್ತು ಬಂದಿದ್ದ?" ಎಂದರು. ಆದರೆ ಓದಿದಷ್ಟೂ ಅಮ್ಮನ ಮಾತೇ ಗಟ್ಟಿಯಾಗುತ್ತ ಹೋಯಿತು. ಕತ್ತಾಳೆಯನ್ನೂ ಈ ಗಿಡವನ್ನೂ ಸಸ್ಯಶಾಸ್ತ್ರಜ್ಞರು ಈಗ ಶತಾವರಿಯ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಹಗ್ಗದ ಮಾತೂ ಸತ್ಯ. ಕೋರಮಂಡಲ ತೀರದ ಗಿಡಗಳ ಬಗ್ಗೆ ಬರೆದ ರಾಕ್ಸ್‌ಬರ್ಗ್ ಈ ನಾರನ್ನು ಮೆಚ್ಚಿಕೊಂಡಿದ್ದ. ಮನುಸ್ಮೃತಿಯಲ್ಲಿ ಕ್ಷತ್ರಿಯ ವಟುವಿನ ಉಡಿದಾರಕ್ಕೆ ಹೇಳಿರುವ, ಬಿಲ್ಲಿನ ಹೆದೆಗೆ ಬಳಸುತ್ತಿದ್ದ ಮೂರ್ವಾ ಎಂಬ ನಾರಿನ ಗಿಡ ಇದೇ ಎಂದು ಹಲವರು ಗುರುತಿಸುತ್ತಾರೆ. ಯಾವ ಗಿಡದ ನಾರಿನಿಂದ ನಮ್ಮ ಪೂರ್ವಿಕರು ಬಾಣ ಬಿಟ್ಟರೋ ಅದರ ನಂಟನನ್ನು ನಾನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದೆ.

ಮುಂದಿನ ಸಲ ಬರುವಾಗ ಅಮ್ಮ ಗುಡ್ಡದ ಗೆಡ್ಡೆಯೊಂದನ್ನು ಸಕ್ಕರೆ ಚೀಲದಲ್ಲಿ ತಂದರು. ಮಣ್ಣಿಲ್ಲ, ನೀರಿಲ್ಲ, ಬಸ್ಸಿನ ಸೀಟಿನ ಕೆಳಗೆ ಉರುಳಾಡಿಕೊಂಡು ಬಂದದ್ದು. ಅದನ್ನು ನೆಡುವುದು ನನ್ನ ಜವಾಬ್ದಾರಿಯಾಗಿತ್ತು; ಹಾಗಾಗಿ ಅದು ಉಗ್ರಾಣದ ಬಾಗಿಲ ಹಿಂದೆ ಉಳಿಯಿತು. ದೀಪಾವಳಿಗೆ ಗುಡಿಸುವಾಗ ನೋಡಿದರೆ ಚೀಲದೊಳಗೇ ಮೊಳಕೆ ಬಂದಿತ್ತು. ತಾರಸಿಯ ಮೂಲೆಯಲ್ಲಿ ಒಡೆದ ಪೇಂಟ್ ಬಕೆಟ್ಟಿಗೆ ಒಗೆದೆ. ಈಗ ಬಕೆಟ್ ಕಾಣುವುದಿಲ್ಲ. ಗಾಢ ಪಟ್ಟೆಯ, ಒಳಕ್ಕೆ ಮಡಿಚಿದ ಮೊನಚು ಎಲೆಗಳ ದಟ್ಟ ಹಿಂಡು. ಹೋದ ಬೇಸಗೆಯಲ್ಲಿ ಅದು ಹೂವನ್ನೂ ಬಿಟ್ಟಿತು. ಬೆಳ್ಳನೆಯ ಸಣ್ಣ ಹೂಗಳ ಕಡ್ಡಿ. ಕತ್ತಲಾದ ಮೇಲೆ ಘಮ ಬಂದು, ಯಾರೋ ತಾರಸಿಯಲ್ಲಿ ಸೆಂಟು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಾರೆಂದು ಕಟ್ಟಡದಲ್ಲಿ ಗುಸುಗುಸು ಹುಟ್ಟಿ, ಒಂದಿಬ್ಬರು ಹದಿಹರೆಯದವರ ವಿಚಾರಣೆಯೂ ಆಯಿತು. ನನಗೆ ಆ ಗಿಡದ ಮೇಲೆ ತುಸು ಬೇಸರವಿದೆ. ಕೆಳಗಿನ ಗಿಡಗಳಿಗೆ ನೀರು ಹಾಕದಿರಲು ನಾನೊಬ್ಬ ಬೇಕು. ಇದಕ್ಕೆ ನಾನು ನೀರು ಹಾಕದಿರುವುದೂ ಬೇಕಿಲ್ಲ.

ಅದರ ನಾರಿನಿಂದ ಹಗ್ಗ ಮಾಡುತ್ತೇನೆಂದು ಹೊರಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ನಾನು ಕೆರೆದಾಗ ಹಸಿರು ಲೋಳೆ ಬಂತು, ಅಮ್ಮ ಮೊಂಡು ಕುಡುಗೋಲಿನ ಬೆನ್ನಿನಿಂದ ಕೆರೆದಾಗ ಬಿಳಿ ನಾರು ಬಂತು. ಅವರು ತೊಡೆಯ ಮೇಲೆ ಹೊಸೆದು ಮಾಡಿಕೊಟ್ಟ ಹುರಿಯಿಂದ ಹೆಂಡತಿ ಮಲ್ಲಿಗೆ ಬಳ್ಳಿ ಕಟ್ಟಿದ್ದಾಳೆ.

ಉಳಿದದ್ದು ವಿತರಣೆಯ ಪ್ರಶ್ನೆ. ಮರಿಗಳಿಗೆ ಮರಿ ಹುಟ್ಟಿ, ಮನೆಯಲ್ಲಿ ಚಪ್ಪಲಿ ಬಿಡಲು ಜಾಗ ಉಳಿಯಲಿಲ್ಲ. ಮೊದಲು ಆಫೀಸಿಗೆ ಒಯ್ದೆ. ಕಡತಗಳು ವರ್ಷಗಟ್ಟಲೆ ಅಲುಗದೆ ಕೂರುವ ಜಾಗದಲ್ಲಿ ಏನೂ ಬೇಡದ ಗಿಡ ಹುಲುಸಾಗಿ ಬಾಳುತ್ತದೆ ಎಂಬುದು ನನ್ನ ಲೆಕ್ಕಾಚಾರ. ಆದರೆ ಮೇಲಧಿಕಾರಿಗೆ ಗಿಡ ಬಹಳ ಹಿಡಿಸಿ, ದಿನವೂ ನೀರು ಹಾಕಬೇಕೆಂದು ಲಿಖಿತ ಸೂಚನೆ ಕೊಟ್ಟರು. ಆ ಕಚೇರಿಯಲ್ಲಿ ತಪ್ಪದೆ ಪಾಲನೆಯಾದ ಸೂಚನೆ ನಾನು ಕಂಡಂತೆ ಅದೊಂದೇ. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಉಳಿದ ಚಹಾ ಒಬ್ಬರು. ಬುಡ ಮೆತ್ತಗಾಗಿ, ಎಲೆಗಳು ಒಂದೊಂದಾಗಿ ಮೇಜಿನ ಮೇಲೆ ಒರಗಿದವು. ಈ ಗಿಡವನ್ನು ಕೊಲ್ಲಲು ಕರ್ತವ್ಯನಿಷ್ಠೆಗಿಂತ ಖಚಿತವಾದ ವಿಧಾನವಿಲ್ಲ.

ಆಮೇಲೆ ಗೃಹಪ್ರವೇಶ, ಹುಟ್ಟುಹಬ್ಬ, ಅರಿಶಿನ ಕುಂಕುಮ. ನೆಂಟರ ಪಟ್ಟಿ ಮುಗಿದ ಮೇಲೆ ಕಟ್ಟಡದವರ ಸರದಿ. ನಾನು ಕೈಚೀಲ ಹಿಡಿದು ಲಿಫ್ಟಿಗೆ ಬಂದರೆ ಒಳಗಿದ್ದವರು ಬಾಗಿಲು ಮುಚ್ಚುವ ಗುಂಡಿ ಒತ್ತತೊಡಗಿದರು. ಕೊಡುವೆನೆಂದರೆ ಬೇಡವೆನ್ನುತ್ತಾರೆ, ಬಾಗಿಲಲ್ಲಿ ತಾನಾಗಿ ಪ್ರತ್ಯಕ್ಷವಾದರೆ ಇಟ್ಟುಕೊಳ್ಳುತ್ತಾರೆ. ಮನುಷ್ಯಸ್ವಭಾವದ ಈ ಸೂಕ್ಷ್ಮ ತಿಳಿದ ಮೇಲೆ ನಾನು ರಾತ್ರಿ ಊಟವಾದ ಬಳಿಕ ಮೆಟ್ಟಿಲು ಹತ್ತಿ ಇಳಿಯುವ ವ್ಯಾಯಾಮ ಶುರು ಮಾಡಿದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ನೆಟ್ಟ ಮರಿಗಳು ಒಂದೊಂದಾಗಿ ಬಾಗಿಲ ಬಳಿ ನೆಲೆ ಕಂಡವು. ಸಕ್ಕರೆ ಕಾಯಿಲೆ ಹತೋಟಿಗೆ ಬಂತೆಂದು ವೈದ್ಯರು ಸಂತೋಷಪಟ್ಟರು.

ಕಳೆದ ತಿಂಗಳು ಸಂಘದ ಕಾರ್ಯದರ್ಶಿಯವರು ಗಂಭೀರ ಮುಖದಿಂದ ಬಂದರು. ಯಾರೋ ರಾತ್ರಿ ಹೊತ್ತು ಮನೆಗಳ ಮುಂದೆ ಗಿಡ ಇಟ್ಟು ಹೋಗುತ್ತಿದ್ದಾರೆ. ಮಾಟಗೀಟ ಇರಬಹುದೇ ಎಂದು ಎರಡನೇ ಮಹಡಿಯವರು ಹೆದರಿದ್ದಾರೆ. ಕ್ಯಾಮೆರಾದಲ್ಲಿ ಲುಂಗಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಒಂದು ಎಚ್ಚರಿಕೆಯ ನೋಟಿಸು ಹಾಕಬೇಕು, ಒಳ್ಳೆಯ ಕನ್ನಡದಲ್ಲಿ. ಸಂಘದ ಲೆಕ್ಕ ನೋಡುವವರು ನೀವೇ, ನೋಟಿಸಿನ ಭಾಷೆ ನಿಮಗೆ ಚೆನ್ನಾಗಿ ಬರುತ್ತದೆ, ಬರೆದುಕೊಡಿ ಎಂದರು. ಹೆಂಡತಿ ಕಾಫಿ ಕೊಟ್ಟು, ಲೋಟ ವಾಪಸು ಒಯ್ಯದೆ ಅಲ್ಲೇ ನಿಂತಳು. ನಾನು ಅಲ್ಲಿಯೇ ಕೂತು ಬರೆದುಕೊಟ್ಟೆ. ಅವರು ಕೆಳಗೊಂದು ಸಹಿ ಹಾಕಿ, ಓದದೆ ಕೊಂಡೊಯ್ದು ಲಿಫ್ಟಿನ ಪಕ್ಕ ಅಂಟಿಸಿದರು. ಈಗಲೂ ಅಲ್ಲಿದೆ:

"ಎಲ್ಲ ನಿವಾಸಿಗಳ ಗಮನಕ್ಕೆ. ಪೂರ್ವಾನುಮತಿಯಿಲ್ಲದೆ ಅನ್ಯರ ಮನೆಯ ಮುಂದೆ ಗಿಡ ಇಡತಕ್ಕದ್ದಲ್ಲ. ಈಗಾಗಲೇ ಅಂಥ ಗಿಡ ಸ್ವೀಕರಿಸಿರುವವರು ಮಣ್ಣು ಪೂರ್ತಿ ಒಣಗುವವರೆಗೆ ಅದಕ್ಕೆ ನೀರು ಹಾಕತಕ್ಕದ್ದಲ್ಲ. ಬೆಕ್ಕುಗಳಿಗೆ ಎಟುಕದಂತೆ ಇಡತಕ್ಕದ್ದು. ಗಿಡವನ್ನು ಹಿಂದಿರುಗಿಸಲು ಅವಕಾಶವಿಲ್ಲ. ಎಲೆಗಳಿಗೆ ಹಳದಿ ಅಂಚು ಇಲ್ಲದಿರುವುದಕ್ಕೆ ಇಟ್ಟವರು ಜವಾಬ್ದಾರರಲ್ಲ."